ಸೊನ್ನೆಯಲ್ಲಿ ನಿಂತ ಮುಳ್ಳು

"ಅಮ್ಮಾವ್ರೇ, ಕಾರಿನ ಬೀಗದ ಕೈ ಕೊಡ್ತೀರಾ?"

ಆ ದನಿ ಕಿವಿಗೆ ಬಿದ್ದದ್ದೇ ತಡ, ರಾಗಿ ಕೇರುತ್ತಿದ್ದ ಸರ್ವಮಂಗಳಳ ಕೈಯಲ್ಲಿ ಮೊರ ನಿಂತೇಹೋಯಿತು.

ತಲೆ ಎತ್ತಲು ಧೈರ್ಯವಾಗಲಿಲ್ಲ. ಮೊದಲು ಕಂಡದ್ದು ಗ್ರೀಸು ಮೆತ್ತಿದ ಚಪ್ಪಲಿ... ಆಮೇಲೆ ಖಾಕಿ ಪ್ಯಾಂಟು... ಆಮೇಲೆ ಮುಖ.

ಅವನೇ! ತೋಂಟದಾರ್ಯ!

ಪಕ್ಕದಲ್ಲಿ ಹೊಸ ಬ್ಯಾಟರಿ ಇಳಿಸುತ್ತಿದ್ದ ಹಂದನಕೆರೆಯ ಬಸವರಾಜಪ್ಪ ನಕ್ಕ. "ನಿಮ್ಮ ಹಳೇ ಕಾರು ತಗಳಾಣ ಅಂತ ಬಂದೆ ಕಣವ್ವ. ಇವನು ಅಮ್ಮಸಂದ್ರದ ಮೆಕ್ಯಾನಿಕ್ಕು. ಇವನು ಹೂಂ ಅಂದ್ರೇನೇ ನಾನು ತಗಳೋದು. ಅದ್ಯಾಕವ್ವ, ದೆವ್ವ ಕಂಡೋಳಂಗೆ ನೋಡ್ತೀಯ?"

ಅವಳು ಒಳಗೆ ಹೋಗಿ ಬೀಗದ ಕೈ ತಂದು ಜಗಲಿಯ ಮೇಲಿಟ್ಟಳು. ಕೈಗೆ ಕೊಡುವ ಹಕ್ಕು ತನಗೆಲ್ಲಿ ಉಳಿದಿದೆ?

ನಾಲ್ಕು ವರ್ಷದ ಹಿಂದೆ, ಎಪ್ಪತ್ತೊಂಬತ್ತರಲ್ಲಿ, ಇವರಿಬ್ಬರಿಗೂ ವೀಳ್ಯ ಬದಲಾಯಿಸಿ ಆಗಿತ್ತು. ತಿಪಟೂರಿನಲ್ಲೇ ಅವನ ಶೆಡ್ಡು. ಅವಳ ತಂದೆ, ಕೊಬ್ಬರಿ ಮಂಡಿಯ ಶಂಭುಲಿಂಗಯ್ಯನವರು, ಭಾವೀ ಅಳಿಯನ ಕೈಗೇ ತಮ್ಮ ಕಾರು ಒಪ್ಪಿಸಿದ್ದರು. ಅವನು ಇಂಜಿನ್ನು ಪೂರಾ ಬಿಚ್ಚಿ, ಹೊಸ ಬೇರಿಂಗು ಹಾಕಿ, ಜೋಡಿಸಿಕೊಟ್ಟ.

ಮೂರನೆಯ ದಿನ ತುರುವೇಕೆರೆ ದಾರಿಯಲ್ಲಿ ಆಯಿಲ್ ಮೀಟರಿನ ಮುಳ್ಳು ಸೊನ್ನೆಯಿಂದ ಏಳಲೇ ಇಲ್ಲ. ಇಂಜಿನ್ನಿಗೆ ಎಣ್ಣೆ ಏರುತ್ತಿಲ್ಲ, ಬೇರಿಂಗು ಸವೆದಿದ್ದರೇನೇ ಹೀಗೆ ಎಂದಾಯಿತು!

"ಹಳೇ ಬೇರಿಂಗೇ ಹಾಕಿ ಹೊಸದು ಅಂದವ್ನೆ!" ಎಂದು ಶಂಭುಲಿಂಗಯ್ಯನವರು ಮಂಡಿಯಲ್ಲೆಲ್ಲ ಸಾರಿಬಿಟ್ಟರು.

ಅವನು ಓಡಿಬಂದು, "ಒಂದ್ಸಲ ಬಾನೆಟ್ಟು ತೆಗೆದು ನೋಡ್ತೀನಿ" ಎಂದು ಅಂಗಲಾಚಿದ್ದ. ಆಗ ಹೊಸಿಲಲ್ಲಿ ನಿಂತು, "ಕಳ್ಳ ಕೈ ನಮ್ಮ ಕಾರು ಮುಟ್ಟೋದು ಬೇಡ" ಅಂದವಳು ಯಾರು?

ಸರ್ವಮಂಗಳಳೇ!

ಕಾರಿಗೆ ತಾಡಪಾಲು ಬಿತ್ತು. ಅವನು ಶೆಡ್ಡು ಮುಚ್ಚಿ ತಾಯಿಯೊಡನೆ ಊರು ಬಿಟ್ಟ. ಇಬ್ಬರ ಮದುವೆಯ ಮಾತೂ ಅಲ್ಲಿಗೇ ನಿಂತಿತು. ಅಷ್ಟೇ.

ಈಗ ತೋಂಟದಾರ್ಯ ಬ್ಯಾಟರಿ ಕಟ್ಟಿದ, ಹಳೆಯ ಎಣ್ಣೆ ಇಳಿಸಿ ಹೊಸದು ಹೊಯ್ದ, ಇಂಜಿನ್ನು ಹೊರಳಿಸಿದ. ಅದು ಕೆಮ್ಮುತ್ತ ಕೆಮ್ಮುತ್ತ ಎದ್ದಿತು.

ಮುಳ್ಳು ಮಾತ್ರ ಸೊನ್ನೆಯಲ್ಲೇ!

"ಇದೇ ಕಣಪ್ಪ ರೋಗ," ಎಂದ ಬಸವರಾಜಪ್ಪ.

ತೋಂಟದಾರ್ಯ ತಟಕ್ಕನೆ ಇಂಜಿನ್ನು ನಿಲ್ಲಿಸಿದ. ಇಂಜಿನ್ನಿನ ಪಕ್ಕದಿಂದ ಒಂದು ಹಿತ್ತಾಳೆ ಬಿರಡೆ ಬಿಚ್ಚಿದ. ಎಣ್ಣೆಯ ಒತ್ತಡ ಎಷ್ಟಿದೆಯೆಂದು ಮೀಟರಿಗೆ ವೈರಿನಲ್ಲಿ ಸುದ್ದಿ ಕಳಿಸುವುದು ಅದೇ. ಆ ತೂತಿಗೆ ತನ್ನ ಚೀಲದಲ್ಲಿದ್ದ, ವೈರು ಬೇಡದ ಬೇರೆ ಮೀಟರನ್ನು ನೇರವಾಗಿ ತಿರುಗಿಸಿ ಕೂರಿಸಿದ.

"ಈಗ ಹೊಡೀರಿ ಸ್ಟಾರ್ಟು."

ಆ ಮೀಟರಿನ ಮುಳ್ಳು ಸರ್ರನೆ ಏರಿ ಐವತ್ತರಲ್ಲಿ ನಿಂತಿತು!

"ಎಣ್ಣೆ ಚೆನ್ನಾಗೇ ಏರ್ತಾ ಐತೆ ಕಣ್ರೀ. ಬೇರಿಂಗು ಗಟ್ಟಿಯಾಗವೆ," ಎಂದ. "ಅವತ್ತೂ ಗಟ್ಟಿಯಾಗೇ ಇದ್ವು."

ಸರ್ವಮಂಗಳ ಜಗಲಿಯ ಅಂಚಿಗೆ ಬಂದಳು. ಹಾಗಾದರೆ...

ಅವನು ಬಿರಡೆಯನ್ನು ಬಿಸಿಲಿಗೆ ಹಿಡಿದ. "ನೋಡಿ, ತಿರುಪಿನ ಸುತ್ತ ಸೆಣಬಿನ ನೂಲು, ಮೇಲೆ ಬಿಳೀ ಬಣ್ಣ. ಇದು ಇಂಜಿನ್ನಿನ ಕಬ್ಬಿಣ ಮುಟ್ಟಿದ್ರೇನೇ ಕರೆಂಟು ಸುತ್ತು ಬರೋದು. ನೂಲು ಸುತ್ತಿದ್ರೆ ಎಲ್ಲಿ ಮುಟ್ತದೆ? ಮೀಟರು ಸೊನ್ನೆ ತೋರಿಸ್ತದೆ. ನಾನಂತೂ ಸುತ್ತಿರಲಿಲ್ಲ."

"ಪಂಪ್‌ಸೆಟ್ಟಿನ ಪೈಪಿಗೆ ಸುತ್ತಿದಂಗೈತಲ್ಲಲಾ! ಯಾವ ತಲೆಕೆಟ್ಟೋನ ಕೆಲಸ ಇದು?" ಎಂದ ಬಸವರಾಜಪ್ಪ.

"ಹೋಗ್ಲಿ ಬುಡಿ," ಎಂದು ತೋಂಟದಾರ್ಯ ಚಾಕುವಿನಿಂದ ನೂಲು ಹೆರೆಯತೊಡಗಿದ.

ಸರ್ವಮಂಗಳಳಿಗೆ ಆ ನೂಲು ನೆನಪಾಯಿತು.

ಅಂದು ಕಾರು ಮನೆಗೆ ಬಂದ ಮಾರನೆಯ ಬೆಳಿಗ್ಗೆ ರಂಗೋಲಿಯ ಮೇಲೆ ಎರಡು ತೊಟ್ಟು ಎಣ್ಣೆ! ಅಪ್ಪ ಕಂಡರೆ ತೋಂಟದಾರ್ಯನನ್ನು ಬೈಯುತ್ತಾರೆಂದು ಅವಳ ಜೀವ ಹೊಡೆದುಕೊಂಡಿತ್ತು. ತೋಟದ ಪಂಪು ರಿಪೇರಿಗೆ ಬಂದಿದ್ದ ಬೋರಯ್ಯನನ್ನು ಗುಟ್ಟಾಗಿ ಕರೆದು ತೋರಿಸಿದ್ದಳು. "ಒಂದ್ ತೊಟ್ಟೂ ಬೀಳಾಕಿಲ್ಲ ಬುಡವ್ವ" ಎಂದು ಅವನು ತನಗೆ ತಿಳಿದ ಹಾಗೆ ಆ ಬಿರಡೆಗೆ ನೂಲು ಸುತ್ತಿ, ಬಣ್ಣ ಬಳಿದು ಬಿಗಿದಿದ್ದ. ಅವಳು ರಂಗೋಲಿ ಅಳಿಸಿ, ಹೊಸದು ಬಿಟ್ಟು, ಒಬ್ಬಳೇ ನಕ್ಕಿದ್ದಳು.

ನಾನೇ... ಅವನ ಮಾನ ಉಳಿಸಹೋಗಿ ನಾನೇ ಕಳೆದೆನೇ?

ಅಷ್ಟರಲ್ಲಿ ಶಂಭುಲಿಂಗಯ್ಯನವರು ಇಬ್ಬರು ವರ್ತಕರೊಡನೆ ಮಂಡಿಯಿಂದ ಬಂದರು. ತೋಂಟದಾರ್ಯನನ್ನು ಕಂಡದ್ದೇ ಮುಖ ಕೆಂಪಾಯಿತು. "ಇವನನ್ನ ಒಳಗೆ ಬುಟ್ಟೋರ್ಯಾರು?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೋರಯ್ಯ ಸತ್ತು ಎರಡು ವರ್ಷವಾಗಿತ್ತು. ಹೇಳಿದರೆ ನಾಳೆ ಇಡೀ ತಿಪಟೂರು ಆಡಿಕೊಳ್ಳುತ್ತದೆ.

ಅವಳು ಅಂಗಳಕ್ಕಿಳಿದಳು.

"ಅಪ್ಪಾಜಿ, ಆ ನೂಲು ಸುತ್ತಿಸಿದೋಳು ನಾನು!"

ಎಲ್ಲವನ್ನೂ ಹೇಳಿದಳು, ವರ್ತಕರ ಎದುರಿಗೇ. "ಇವರು ಕಳ್ಳರಲ್ಲ. ಮಂಡೀಲಿ ನೀವು ಸಾರಿದ್ದು ಸುಳ್ಳು. ನಾನು ಅಂದಿದ್ದು ಅದಕ್ಕಿಂತ ದೊಡ್ಡ ಸುಳ್ಳು."

ತೋಂಟದಾರ್ಯ ಚಾಕು ಹಿಡಿದವನು ಹಾಗೇ ನಿಂತುಬಿಟ್ಟ. ಆಮೇಲೆ ಮೆಲ್ಲಗೆ ಬಿರಡೆ ಕೂರಿಸಿ ಇಂಜಿನ್ನು ಹೊರಳಿಸಿದ. ಕಾರಿನ ಮೀಟರಿನಲ್ಲಿ ಮುಳ್ಳು ಎದ್ದಿತು. ಶಂಭುಲಿಂಗಯ್ಯನವರು ಬಗ್ಗಿ ನೋಡಿದರು. ಜಗಲಿಯ ಮೇಲೆ ಕುಳಿತರು.

"ನಿಮ್ಮವ್ವ... ದ್ರಾಕ್ಷಾಯಣಮ್ಮನೋರು ಹೆಂಗವ್ರೆ?"

"ಹೋದ ಶ್ರಾವಣದಲ್ಲಿ ಹೋಗ್ಬುಟ್ರು. 'ನನ್ನ ಮಗ ಅಂಥೋನಲ್ಲ' ಅಂತಲೇ ಇದ್ರು... ಕೊನೇ ಗಳಿಗೇಲೂ."

ಅವನು ಚೀಲ ಹೆಗಲಿಗೇರಿಸಿ ಹೊರಟ.

ಸರ್ವಮಂಗಳ ಬರಿಗಾಲಲ್ಲೇ ಬೀದಿಗೆ ಓಡಿದಳು. "ನಿಂತ್ಕಳಿ! ಬಯ್ಯಿರಿ ನನ್ನ... ಏನಾದ್ರೂ ಅನ್ನಿ!"

"ಬಯ್ಯಕ್ಕೆ ನಾಲ್ಕು ವರ್ಷದಿಂದ ಮಾತು ಕೂಡಿಟ್ಟಿದ್ದೆ," ಎಂದ, ಕಣ್ಣೊರೆಸಿಕೊಳ್ಳುತ್ತ. "ನನ್ನ ಉಳಿಸಕ್ಕೆ ಮಾಡಿದ್ದು ಅಂದ್ಬುಟ್ರಲ್ಲ... ಒಂದೂ ಉಳೀಲಿಲ್ಲ."

"ನಿಮ್ಮವ್ವನ ಸಮಾಧಿ ಮುಂದೆ ಕೂತು ತಪ್ಪಾಯ್ತು ಅನ್ಬೇಕು. ಅಮ್ಮಸಂದ್ರಕ್ಕೆ ಬರ್ಲಾ?"

ಅವನು ಹೆಗಲಿನ ಚೀಲ ಕೆಳಗಿಟ್ಟ. "ಬಾ ಮಂಗಳಾ. ಮನೇಲಿ ಉಪಚಾರ ಮಾಡೋರಿಲ್ಲ. ನಾನು ತಿರುವಿದ ಮುದ್ದೆ ಬರೀ ಗಂಟು."

"ನಾನು ತಿರುವಿಕೊಡ್ತೀನಿ."

"ಒಂದಿನಕ್ಕಾ?"

"ನೀವು ಸಾಕು ಅನ್ನೋಗಂಟ."

"ಹಂಗಾದ್ರೆ ಅಪ್ಪಾಜಿಗೆ ಹೇಳೇ ಬಾ," ಎಂದ ತೋಂಟದಾರ್ಯ. "ನಾನು ಸಾಕು ಅನ್ನೋನಲ್ಲ ಕಣೇ."