ಭೇಟಿಗೆ ಹದಿನೈದು ನಿಮಿಷ

“ಹಾಗೆಲ್ಲ ಸೀದಾ ಒಳಗೆ ಹೋಗೋ ಹಾಗಿಲ್ಲ” ಎಂದು ರೂಲ್‌ಬುಕ್ ಕೈ ಅಡ್ಡ ಹಿಡಿದಳು.

ನಾಟಕದ ಸ್ನಾನಿಕ ಯೊವಾನ್ನನ ಇಬ್ಬರು ಶಿಷ್ಯೆಯರು ಗಕ್ಕನೆ ನಿಂತರು. ಒಬ್ಬಳ ಹೆಗಲಿನಿಂದ ಶಾಲು ಜಾರಿ ನೆಲಕ್ಕೆ ಬಿತ್ತು. ಮೂರು ಕುರ್ಚಿಗಳನ್ನು ಬೆನ್ನು ತಿರುಗಿಸಿ ಇಟ್ಟು ಮಾಡಿದ್ದ ಜೈಲಿನೊಳಗಿಂದ ಯೊವಾನ್ನ ಇಣುಕಿ ನೋಡಿದ. ಅವನು ಮೂಲೆ ಅಂಗಡಿಯವರ ಮಗ. ಸೆರೆಯಲ್ಲಿ ಕೂತು ಕೂತು ಬೇಜಾರಾಗಿ ಬಿಸ್ಕತ್ತು ತಿನ್ನುತ್ತಿದ್ದ.

ಮತ್ತೇನು ಈಗ ಎಂದು ಟೀಚರ್ ಕೇಳಿದರು. ಅವರಿಗೆ ವಾರವಿಡೀ ಟೇಲರಿಂಗ್ ಅಂಗಡಿ, ಭಾನುವಾರ ಮಾತ್ರ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳ ಪಾಠ. ಭಾನುವಾರವೂ ಅಳತೆ ಟೇಪು ಅವರ ಕೊರಳಿನಿಂದ ಇಳಿಯುತ್ತಿರಲಿಲ್ಲ.

“ಮೊದಲು ಚೀಟಿ ಬರೆಸ್ಬೇಕು ಟೀಚರ್. ಯಾರನ್ನ ನೋಡ್ಬೇಕು, ಅವ್ರು ನಿಮಗೇನಾಗ್ಬೇಕು ಅಂತ. ಆಮೇಲೆ ಬ್ಯಾಗ್ ಚೆಕ್. ಆಮೇಲೆ ಕೈಗೆ ಸೀಲ್. ಸೀಲ್ ಇಲ್ದೇ ಇದ್ರೆ ವಾಪಸ್ ಹೊರಗೆ ಬಿಡಲ್ಲ.”

“ಎರಡು ಸಾವಿರ ವರ್ಷದ ಹಿಂದೆ ಸೀಲ್ ಇತ್ತಾ?” ಎಂದ ಯೊವಾನ್ನ, ಬಾಯಿ ತುಂಬ ಬಿಸ್ಕತ್ತು.

“ಜೈಲ್ ಅಂದ್ಮೇಲೆ ರೂಲ್ಸ್ ಇದ್ದೇ ಇರತ್ತೆ.”

ಈ ವಿಷಯದಲ್ಲಿ ಅವಳೊಡನೆ ವಾದಕ್ಕಿಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಅವಳ ಅಪ್ಪ ಜೈಲಿನ ಗೇಟಿನಲ್ಲಿ ಗಾರ್ಡ್. ಬೇರೆ ಅಪ್ಪಂದಿರು ಊಟದ ಹೊತ್ತಿನಲ್ಲಿ ಮಕ್ಕಳಿಗೆ ಕತೆ ಹೇಳಿದರೆ ಅವಳ ಅಪ್ಪ ರೂಲ್ಸ್ ಹೇಳುತ್ತಿದ್ದರು. ಅವಳು ಅವನ್ನೆಲ್ಲ ಅನ್ನದ ಜೊತೆಗೇ ನುಂಗಿಕೊಂಡು ಬೆಳೆದಿದ್ದಳು. ಅದಕ್ಕೇ ಆ ಅಡ್ಡಹೆಸರು. ತಮಾಷೆಯೆಂದರೆ, ಅದನ್ನು ಅವಳು ಬೈಗುಳ ಎಂದುಕೊಂಡಿರಲಿಲ್ಲ, ಬಿರುದು ಎಂದುಕೊಂಡಿದ್ದಳು.

ಅದು ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೆಯ ಭಾನುವಾರ. ಅಂದು ಚರ್ಚಿನಲ್ಲಿ ಓದುವ ಸುವಾರ್ತೆಯಲ್ಲಿ, ಯೇಸುವಿನ ಬರವನ್ನು ಮೊದಲೇ ಸಾರಿ ಈಗ ಜೈಲಿನಲ್ಲಿರುವ ಪ್ರವಾದಿ ಯೊವಾನ್ನ ತನ್ನ ಶಿಷ್ಯರನ್ನು ಯೇಸುಸ್ವಾಮಿಯ ಹತ್ತಿರ ಕಳಿಸಿ, ಬರಬೇಕಾದವರು ನೀವೇನಾ, ಇಲ್ಲ ನಾವು ಇನ್ನೊಬ್ಬರಿಗಾಗಿ ಕಾಯಬೇಕಾ ಎಂದು ಕೇಳಿಸುತ್ತಾನೆ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ನೀವು ಕಂಡದ್ದನ್ನು ಹೋಗಿ ಅವನಿಗೆ ಹೇಳಿ ಎಂದು ಯೇಸು ಉತ್ತರ ಕೊಡುತ್ತಾರೆ. ಇದನ್ನು ಒಂದನೇ ಕ್ಲಾಸಿನ ಚಿಳ್ಳೆಗಳಿಗೆ ಓದಿ ಹೇಳಿದರೆ ಎರಡನೇ ಸಾಲಿಗೇ ನಿದ್ದೆ ಹೋಗುತ್ತವೆ. ಅದಕ್ಕಾಗಿ ದೊಡ್ಡ ಮಕ್ಕಳು ನಾಟಕ ಮಾಡಿ ತೋರಿಸಬೇಕೆಂದು ಟೀಚರ್ ನಿಶ್ಚಯಿಸಿದ್ದರು. ಹನ್ನೊಂದು ಗಂಟೆಗೆ ಚಿಳ್ಳೆಗಳು ಬರಲಿದ್ದವು.

ಸುವಾರ್ತೆಯಲ್ಲಿ ಗಾರ್ಡ್ ಎಂಬ ಪಾತ್ರವೇ ಇಲ್ಲ. ಆದರೆ ಗಾರ್ಡ್ ಇಲ್ಲದ ಜೈಲು ಎಲ್ಲಿಯಾದರೂ ಉಂಟೇ ಎಂದು ರೂಲ್‌ಬುಕ್ ಎರಡು ವಾರ ಟೀಚರ ಬೆನ್ನು ಹತ್ತಿದ್ದಳು. ಕೊನೆಗೆ ಒಂದು ಪಾತ್ರ, ಒಂದೇ ಒಂದು ಮಾತು ಸಿಕ್ಕಿತ್ತು: “ಟೈಮ್ ಆಯ್ತು, ಹೊರಡಿ.” ಭೇಟಿಗೆ ಹದಿನೈದು ನಿಮಿಷ, ಅದರ ಮೇಲೆ ಒಂದು ಸೆಕೆಂಡೂ ಇಲ್ಲ. ಅದಕ್ಕಾಗಿ ಅಪ್ಪನ ಹಳೆಯ ವಾಚನ್ನೂ ಕಟ್ಟಿಕೊಂಡು ಬಂದಿದ್ದಳು. ಅದು ಮೊಣಕೈವರೆಗೆ ಜಾರುತ್ತಿತ್ತು.

“ಯೊವಾನ್ನ ಏನು ತಪ್ಪು ಮಾಡಿದ್ದ ಟೀಚರ್?” ಎಂದು ಅಂಗಡಿಯವರ ಮಗ ಕೇಳಿದ. ಯಾವ ತಪ್ಪಿಗೆ ತಾನು ಒಳಗಿದ್ದೇನೆ ಎಂಬ ಪ್ರಶ್ನೆ ಅವನಿಗೆ ಆಗಷ್ಟೇ ಹೊಳೆದಿತ್ತು.

ತಪ್ಪೇನೂ ಮಾಡಿರಲಿಲ್ಲ, ರಾಜನಿಗೆ ಹಿಡಿಸದ ಮಾತು ಹೇಳಿದ್ದ ಎಂದರು ಟೀಚರ್.

ರೂಲ್‌ಬುಕ್ ನಕ್ಕಳು. “ಎಲ್ಲರೂ ಹಾಗೇ ಹೇಳೋದು. ಒಳಗೆ ಯಾರನ್ನ ಕೇಳಿದ್ರೂ ನಾನೇನೂ ಮಾಡಿಲ್ಲ ಅಂತಾರಂತೆ. ನಮ್ಮಪ್ಪ ಹೇಳಿದ್ದಾರೆ.”

ಎಲ್ಲರೂ ನಕ್ಕರು. ಎರಡನೆಯ ಶಿಷ್ಯೆ ಮಾತ್ರ ಬಿದ್ದ ಶಾಲನ್ನು ಎತ್ತಿಕೊಂಡು ಮಡಿಸತೊಡಗಿದಳು. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸಿದಳು.

ಅವಳು ಹೊಸ ಹುಡುಗಿ. ಬಂದು ಎರಡು ತಿಂಗಳಾಗಿತ್ತು. ಕ್ಲಾಸಿನಲ್ಲಿ ಅವಳ ಹೆಸರು ಹಡಗು. ಅಪ್ಪ ಎಲ್ಲಿ ಎಂದು ಯಾರು ಕೇಳಿದರೂ ಹಡಗಿನಲ್ಲಿ ಕೆಲಸ ಎನ್ನುತ್ತಿದ್ದಳು. ಯಾವ ಹಡಗು ಎಂದರೆ ದೊಡ್ಡದು. ಹೆಸರೇನು ಎಂದರೆ ಮರೆತುಹೋಯಿತು. ಯಾವಾಗ ಬರುತ್ತಾರೆ ಎಂದರೆ ಬೇಗ.

ಇಷ್ಟು ಸಾಕಾಗಿತ್ತು ರೂಲ್‌ಬುಕ್‌ಗೆ. ಅಪ್ಪನ ಹಡಗಿನ ಹೆಸರು ಯಾರಾದರೂ ಮರೆಯುತ್ತಾರೆಯೇ? ಇವತ್ತು ಈ ಹಡಗನ್ನು ಮುಳುಗಿಸಿಯೇ ತೀರುತ್ತೇನೆ, ಸುಳ್ಳು ಎಂದು ಎಲ್ಲರ ಮುಂದೆ ಒಪ್ಪಿಸುತ್ತೇನೆ ಎಂದು ಅಂಗಡಿಯವರ ಮಗನ ಜೊತೆ ಪಂಥ ಕಟ್ಟಿದ್ದಳು. ಸೋತವರು ಒಂದು ತಿಂಗಳು ಈ ಕೋಣೆ ಗುಡಿಸಬೇಕು.

“ಸರಿ, ಸೀಲ್ ಹೊಡಿ. ಬೇಗ ಮುಗಿಸು” ಎಂದರು ಟೀಚರ್, ಗೋಡೆಯ ಗಡಿಯಾರ ನೋಡುತ್ತ.

ರೂಲ್‌ಬುಕ್ ನೇರಳೆ ಬಣ್ಣದ ಸ್ಕೆಚ್ ಪೆನ್ ತೆಗೆದಳು. ಸೀಲು ಹೇಗಿರುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು: ಒಂದು ಸೊನ್ನೆ, ಅದರೊಳಗೆ ಮೂರು ಗೆರೆ. ಒಮ್ಮೆ ಅಪ್ಪನ ಕರ್ಚೀಫಿಗೆ ತಗುಲಿತ್ತು. ಅಮ್ಮ ಮೂರು ಬಾರಿ ಒಗೆದರೂ ಹೋಗಿರಲಿಲ್ಲ. ಮೊದಲನೆಯ ಶಿಷ್ಯೆಯ ಕೈ ಮೇಲೆ ಸೊನ್ನೆ ಬರೆಯಲು ಹೋದಾಗ ಅವಳು ಕಚಗುಳಿಯಾಗಿ ಓಡಿಹೋದಳು. ಉಳಿದವಳು ಹಡಗು.

“ನನಗೆ ಬೇಡ” ಎಂದಳು ಅವಳು. ಸ್ವೆಟರಿನ ತೋಳು ಬೆರಳ ತುದಿಯವರೆಗೂ ಬಂದಿತ್ತು. ಕೋಣೆಯಲ್ಲಿ ಸೆಕೆ, ಸ್ವೆಟರ್ ಹಾಕಿದ್ದವಳು ಅವಳೊಬ್ಬಳೇ.

“ಸೀಲ್ ಇಲ್ದೆ ಬಿಡಲ್ಲ ಅಂದ್ನಲ್ಲ” ಎಂದು ರೂಲ್‌ಬುಕ್ ಅವಳ ಕೈ ಹಿಡಿದು ತೋಳನ್ನು ಮೇಲಕ್ಕೆ ಸರಿಸಿದಳು.

ಸೀಲು ಆಗಲೇ ಅಲ್ಲಿತ್ತು.

ನೇರಳೆ ಬಣ್ಣದ ಸೊನ್ನೆ, ಒಳಗೆ ಮೂರು ಗೆರೆ. ಸೋಪು ಹಾಕಿ ಉಜ್ಜಿದ್ದಕ್ಕೆ ಬಣ್ಣ ಮಾಸಿತ್ತು. ಸುತ್ತ ಚರ್ಮ ಕೆಂಪಗಾಗಿತ್ತು. ನಿನ್ನೆ ಶನಿವಾರ, ಭೇಟಿಯ ದಿನ. ನಿನ್ನೆ ಗೇಟಿನಲ್ಲಿದ್ದವರು ರೂಲ್‌ಬುಕ್‌ನ ಅಪ್ಪ. ಇದನ್ನು ಒತ್ತಿದವರೂ ಅಪ್ಪನೇ. ಮನೆಗೆ ಬಂದು ಅದೇ ಕೈಯಲ್ಲಿ ಊಟ ಮಾಡುತ್ತ, ಒಳಗಿರೋರನ್ನ ಯಾರನ್ನ ಕೇಳಿದ್ರೂ ನಾನೇನೂ ಮಾಡಿಲ್ಲ ಅಂತಾರೆ ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು.

ಹೊಸ ಹುಡುಗಿ ಕೈ ಎಳೆದುಕೊಳ್ಳಲಿಲ್ಲ. ಅಳಲೂ ಇಲ್ಲ. ಈಗ ನೀನು ಹೇಳಿಬಿಡುತ್ತೀಯಲ್ಲ ಎನ್ನುವಂತೆ ರೂಲ್‌ಬುಕ್‌ನ ಮುಖವನ್ನೇ ನೋಡುತ್ತಿದ್ದಳು.

ಪಂಥ ಗೆಲ್ಲಲು ರೂಲ್‌ಬುಕ್ ಇನ್ನು ಬಾಯಿ ತೆರೆದರೆ ಸಾಕಿತ್ತು. ಅವಳು ಸ್ವೆಟರಿನ ತೋಳನ್ನು ಕೆಳಗೆಳೆದಳು. ಬೆರಳ ತುದಿಯವರೆಗೂ ಎಳೆದಳು.

“ಏನದು? ತೋರಿಸು” ಎಂದು ಯೊವಾನ್ನ ಜೈಲು ಹಾರಿ ಬಂದ.

“ಏನಿಲ್ಲ. ಪೆನ್ ಬರೀತಿಲ್ಲ.”

“ನನ್ನ ಹತ್ರ ಬೇರೆ ಪೆನ್ ಇದೆ. ಸೀಲ್ ಹೇಗಿರತ್ತೆ ಹೇಳು, ನಾನೇ ಬರೀತೀನಿ.”

ರೂಲ್‌ಬುಕ್ ತನ್ನ ಹತ್ತು ವರ್ಷದ ಬದುಕಿನಲ್ಲಿ ಒಮ್ಮೆಯೂ ಹೇಳದ ಮಾತು ಹೇಳಿದಳು. “ಗೊತ್ತಿಲ್ಲ.”

“ಗೊತ್ತಿಲ್ವಾ? ನಿನಗಾ?”

“ಸೀಲೇ ಇರಲ್ಲ. ನಾನು ಸುಮ್ನೆ ಸೇರಿಸಿ ಹೇಳಿದೆ.”

ಯೊವಾನ್ನ ಕುರ್ಚಿ ಹಿಡಿದುಕೊಂಡು ನಕ್ಕ. ರೂಲ್‌ಬುಕ್ ಬುರುಡೆ ಬಿಡುತ್ತಾಳೆ ಎಂದು ಕೋಣೆಗೆಲ್ಲ ಸಾರಿದ. ಚೀಟಿಯೂ ಸುಳ್ಳಿರಬೇಕು, ಹದಿನೈದು ನಿಮಿಷವೂ ಸುಳ್ಳಿರಬೇಕು, ಅವಳ ಅಪ್ಪ ಜೈಲಿನ ಹೂದೋಟಕ್ಕೆ ನೀರು ಹಾಕುವವರೋ ಏನೋ ಎಂದ. ಎರಡು ವರ್ಷ ಕಷ್ಟಪಟ್ಟು ಗಳಿಸಿದ್ದ ಬಿರುದು ಎರಡು ನಿಮಿಷದಲ್ಲಿ ಹೋಯಿತು. ಅವಳ ಕಿವಿ ಬಿಸಿಯಾಯಿತು. ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟದ ಕೆಲಸ ಎಂದು ಅಪ್ಪ ಯಾವ ಊಟದ ಹೊತ್ತಿನಲ್ಲೂ ಹೇಳಿರಲಿಲ್ಲ.

“ಮತ್ತೆ ಹಡಗಿನ ವಿಷಯ?” ಎಂದು ಅವನು ಕಿವಿಯಲ್ಲಿ ಪಿಸುಗುಟ್ಟಿದ.

“ಕೇಳಿದೆ. ಹಡಗು ನಿಜ. ತುಂಬ ದೊಡ್ಡದಂತೆ.”

“ಹಾಗಾದ್ರೆ ಪೊರಕೆ ಬಾಗಿಲ ಹಿಂದಿದೆ” ಎಂದು ಅವನು ಖುಷಿಯಿಂದ ಜೈಲಿಗೆ ಮರಳಿದ.

ಹನ್ನೊಂದಕ್ಕೆ ಚಿಳ್ಳೆಗಳು ಬಂದು ಚಾಪೆಯ ಮೇಲೆ ಕೂತವು. ಆಗಮನ ಕಾಲದಲ್ಲಿ ವಾರಕ್ಕೊಂದರಂತೆ ಹಚ್ಚುವ ಮೇಣದಬತ್ತಿಗಳಲ್ಲಿ ಮೂರನೆಯದನ್ನು ಟೀಚರ್ ಹಚ್ಚಿದರು. ನಾಟಕ ಶುರುವಾಯಿತು. ಯೊವಾನ್ನನಿಗೆ ಜೈಲಿನಲ್ಲಿ ಊಟ ಕೊಡುತ್ತಾರಾ ಎಂದು ಒಂದು ಚಿಳ್ಳೆ ಕೇಳಿತು. ಅವನೇನು ಕದ್ದಿದ್ದ ಎಂದು ಇನ್ನೊಂದು ಕೇಳಿತು. ಟೀಚರ್ ಅಭ್ಯಾಸಬಲದಿಂದ ರೂಲ್‌ಬುಕ್ ಕಡೆ ನೋಡಿದರು. ಅವಳು ವಾಚನ್ನು ಮೊಣಕೈಯಿಂದ ಇಳಿಸಿಕೊಳ್ಳುವುದರಲ್ಲಿ ಮುಳುಗಿದ್ದಳು.

ಶಿಷ್ಯೆಯರು ಪ್ರಶ್ನೆ ಹೊತ್ತುಕೊಂಡು ಯೇಸುವಿನ ಹತ್ತಿರ ಹೋದರು, ಉತ್ತರ ಹೊತ್ತುಕೊಂಡು ವಾಪಸ್ ಬಂದರು. ಮೊದಲನೆಯವಳು ಕುರುಡರ, ಕುಂಟರ ವಿಷಯ ಹೇಳಿ ಮುಗಿಸಿ ಪಕ್ಕಕ್ಕೆ ಸರಿದಳು. ಹೊಸ ಹುಡುಗಿ ಬಡವರಿಗೆ ಶುಭವಾರ್ತೆ ಸಿಗುತ್ತಿದೆ ಎಂಬ ತನ್ನ ಒಂದು ಸಾಲನ್ನು ಹೇಳಿದಳು. ಗಟ್ಟಿಯಾಗಿ ಹೇಳಿದಳು, ಅಕ್ಕಪಕ್ಕ ತುಂಬ ಗಲಾಟೆ ಇರುವಲ್ಲಿ ಮಾತಾಡುವಂತೆ. ಅಲ್ಲಿಗೆ ಅವಳ ಮಾತು ಮುಗಿದಿತ್ತು. ಆದರೆ ಅವಳು ಕುರ್ಚಿಯ ಬೆನ್ನಿನ ಪಟ್ಟಿ ಹಿಡಿದುಕೊಂಡು ಅಲ್ಲೇ ನಿಂತಳು.

“ಊಟ ಮಾಡಿದ್ರಾ?” ಎಂದು ಕೇಳಿದಳು.

ಯೊವಾನ್ನ ಗಲಿಬಿಲಿಗೊಂಡು ಟೀಚರ ಮುಖ ನೋಡಿದ. ಇದು ನಾಟಕದಲ್ಲಿ ಇರಲಿಲ್ಲ.

“ಅಮ್ಮ ಚೆನ್ನಾಗಿದ್ದಾಳೆ. ಕೆಮ್ಮು ಕಡಿಮೆಯಾಗಿದೆ. ನಾನು ಲೆಕ್ಕದಲ್ಲಿ ಪಾಸಾದೆ.”

ಚಿಳ್ಳೆಗಳು ಬಾಯಿ ತೆರೆದು ಕೇಳುತ್ತಿದ್ದವು. ಲೆಕ್ಕ ಅವುಗಳಿಗೂ ಗೊತ್ತಿದ್ದ ಕಷ್ಟ. ಟೀಚರ್ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿಕೊಂಡು ಪಿಸುಗುಟ್ಟಿದರು, “ಗಾರ್ಡ್, ನಿನ್ನ ಮಾತು. ಟೈಮ್ ಆಯ್ತು ಅನ್ನು.”

ರೂಲ್‌ಬುಕ್ ವಾಚು ನೋಡಿದಳು. ನಾಟಕ ಶುರುವಾಗಿ ಹದಿನೇಳು ನಿಮಿಷ ಆಗಿತ್ತು. ಹದಿನೆಂಟರ ಕಡೆ ಮುಳ್ಳು ಓಡುತ್ತಿತ್ತು.

“ಇನ್ನೂ ಆಗಿಲ್ಲ ಟೀಚರ್” ಎಂದಳು. ವಾಚು ಕಟ್ಟಿದ ಕೈಯನ್ನು ಬೆನ್ನ ಹಿಂದಕ್ಕೆ ಒಯ್ದು, ಜೈಲಿನ ಬಾಗಿಲಿನಿಂದ ಒಂದು ಹೆಜ್ಜೆ ಆಚೆ ಸರಿದು ನಿಂತಳು.