ಚಿಗರಿ ಚೀಲ

"ಸಾಹೇಬರ, ಈ ಎಮ್ಮಿ ಚೀಲಕ್ಕ ಸೊಂಡಿ ಯಾಕ ಹಚ್ಯಾರ?"

ಗೌಸಸಾಬರ ಬಳೆ ಅಂಗಡಿಯ ಮುಂದೆ ನಿಂತು ಹಾಗೆ ಕೇಳಿದವರು ತಮ್ಮ ಬೆನ್ನ ಹಿಂದೆ ನಾನಿದ್ದುದನ್ನು ನೋಡಿರಲಿಲ್ಲ. ನನ್ನ ಕೈಯಲ್ಲಿ ಅಂಥವೇ ಇನ್ನೂ ಆರು ಚೀಲಗಳಿದ್ದವು.

"ಅದು ಆನಿ," ಎಂದೆ.

ತಿರುಗಿದರು. ಖಾದಿ ಅಂಗಿ, ಬೆರಳಿಗೆ ಬಣ್ಣದ ಸೀಮೆಸುಣ್ಣದ ಪುಡಿ. ನನ್ನನ್ನು ನೋಡಿದರು, ಚೀಲ ನೋಡಿದರು, ಮತ್ತೆ ನನ್ನನ್ನು ನೋಡಿದರು. ನಗು ತಡೆಯಲು ತುಟಿ ಕಚ್ಚಿಕೊಂಡದ್ದು ಕಂಡಿತು.

"ತಪ್ಪಾತ್ರಿ. ಆನಿನ ಐತಿ. ಸ್ವಲ್ಪ ಹಾಲು ಕೊಡೋ ಜಾತೀದು."

ಗೌಸಸಾಬರು ಹೊಟ್ಟೆ ಹಿಡಿದು ನಕ್ಕರು. "ರತ್ನವ್ವಾ, ಸಿಟ್ಟಾಗಬ್ಯಾಡವಾ. ಇವರು ನೀಲಪ್ಪ ಮಾಸ್ತರು, ಸಾಲ್ಯಾಗ ಡ್ರಾಯಿಂಗ್ ಕಲಸ್ತಾರ. ಅಷ್ಟ ಶಾಣ್ಯಾ ಇದ್ರ ನೀವ ಒಂದ ಆನಿ ಬರಕೊಡ್ರಿ ಅನ್ನು."

ಅಂದೆ. ಅವರು ಒಪ್ಪಿದರು.

ಅದು ಅರವತ್ತೆರಡನೇ ಇಸವಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಅವ್ವ ಬಾಳವ್ವ ಮತ್ತು ನಾನು, ಇಬ್ಬರೇ. ಅಪ್ಪ ಚನ್ನಯ್ಯ ತೀರಿಹೋದ ಮೇಲೆ ಕೈಮಷಿನ್ ನಮ್ಮನ್ನು ಸಾಕಿತು. ಜಂಪರ್, ಲಂಗ ಹೊಲಿಯುವವರು ಓಣಿಗೆ ನಾಲ್ವರಿದ್ದರು. ಆನೆ, ಮೊಲ, ಗಿಳಿಯ ಆಕಾರದಲ್ಲಿ ಮಕ್ಕಳ ಚೀಲ ಹೊಲಿಯುವವಳು ನಾನೊಬ್ಬಳೇ. ಹೊಲಿಗೆ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ.

ರವಿವಾರ ಮಾಸ್ತರು ಬಂದು ಕಟ್ಟೆಯ ಮೇಲೆ ಕುಳಿತರು. ಅವ್ವ ಒಳಗಿನಿಂದಲೇ ಊರು ಕೇಳಿದಳು, ಮನೆತನ ಕೇಳಿದಳು. ಊರು ಗರಗ, ತಾಯಿ ಯಂಕವ್ವ ಅಲ್ಲಿ ಖಾದಿ ನೂಲು ತೆಗೆಯುತ್ತಾಳೆ, ತಾವು ಬೌದ್ಧರಾಗಿ ಐದಾರು ವರ್ಷವಾಯಿತು ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಕೇರಿ ಊರ ಹೊರಗಿನದೆಂದು ಅವ್ವ ಕೇಳದೆಯೇ ತಿಳಿದುಕೊಂಡಳು. ನಮ್ಮದು ಅಯ್ಯನವರ, ಅಂದರೆ ಜಂಗಮರ ಮನೆ. ಹಿಡಿ ಮುರಿದ ಒಂದು ಕಪ್ಪಿನಲ್ಲಿ ನನ್ನ ಕೈಯಿಂದ ಅವರಿಗೆ ಚಹಾ ಕೊಡಿಸಿದಳು. ಕುಡಿದಾದ ಮೇಲೆ ನಾನು ಮೇಲಿನಿಂದ ನೀರು ಹಾಕಿದೆ, ಅವರೇ ತೊಳೆದರು. ಕಪ್ಪು ಒಳಗೆ ಬರಲಿಲ್ಲ. ಕಟ್ಟೆಯ ಗೋಡೆಯ ಗೂಡಿನಲ್ಲಿ ಉಳಿಯಿತು. ಮರು ರವಿವಾರವೂ ಅದೇ ಕಪ್ಪು.

ಅವರು ಬರೆದ ಮೊಲ ಕಾಗದದ ಮೇಲಿಂದ ಈಗಲೇ ಜಿಗಿಯುವಂತಿತ್ತು. ಗೆರೆ ಹಿಡಿದು ಕತ್ತರಿಸಿ, ಹೊಲಿದು, ಒಳಮಗ್ಗಲನ್ನು ಹೊರಗೆ ತಿರುವಿದರೆ ಕಿವಿಗಳು ಒಳಗೇ ಸಿಕ್ಕಿಕೊಂಡವು.

"ಮೊಲಾ ಸೊರಗೇತಿ," ಎಂದರು ಮಾಸ್ತರು. "ಹೊಟ್ಟಿಗಿ ಹಾಕಿಲ್ಲೇನ್ರಿ?"

"ನಿಮ್ಮ ಗೆರಿ ಸುತ್ತ ಅರ್ಧಾ ಇಂಚ ಹೊಲಿಗಿಗೆ ಬಿಡಬೇಕ್ರಿ. ಕಾಗದ ಬ್ಯಾರೆ, ಅರಿವಿ ಬ್ಯಾರೆ."

"ಯಾರೂ ಹೇಳಲಿಲ್ಲ."

"ಕೇಳಿದ್ರ ಹೇಳ್ತಿದ್ದೆ."

ಇನ್ನೊಂದು ದಿನ ತಾವೇ ಕತ್ತರಿ ಹಿಡಿದು ಹೂವಿನ ಬಟ್ಟೆಯಲ್ಲಿ ಗಿಳಿಯ ಎರಡು ಮಗ್ಗಲು ಕತ್ತರಿಸಿದರು. ಎರಡೂ ಒಂದೇ ಕಡೆ ಮುಖ ಮಾಡಿದ್ದವು. ಕೂಡಿಸಿದರೆ ಒಂದರ ಹೂವು ಒಳಗೆ ಹೋಗುತ್ತಿತ್ತು.

"ಎರಡೂ ಎದರಾಬದರು ನೋಡಬೇಕ್ರಿ ಮಾಸ್ತರ. ಇಲ್ಲಂದ್ರ ಜೋಡಿ ಆಗೂದಿಲ್ಲ."

"ಎದರಾಬದರು ನೋಡಾಕ ನೀವು ತಲಿ ಎತ್ತಬೇಕಲ್ರಿ."

ಮಷಿನಿನ ಹಿಡಿ ತಿರುಗಿಸುತ್ತಿದ್ದ ಕೈ ನಿಂತಿತು. ತಲೆ ಎತ್ತಿದೆ. ಅವರ ಎಡಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಗುರುತಿತ್ತು. ಇಷ್ಟು ದಿನ ಅದನ್ನು ನೋಡಿರಲೇ ಇಲ್ಲ.

ಮುಂದಿನ ವಾರ ಗರಗದ ಖಾದಿಯ ತುಂಡುಗಳನ್ನು ಗಂಟು ಕಟ್ಟಿ ತಂದರು. "ಇದಕ್ಕ ಉಲ್ಟಾ ಸುಲ್ಟಾ ಇಲ್ರಿ. ನಾ ತಪ್ಪಿ ಕತ್ತರಿಸಿದ್ರೂ ನಡೀತೈತಿ."

ಹೀಗೆ ಒಂದು ವರ್ಷ. ಅವ್ವನ ಕಣ್ಣಿಗೆ ಪೊರೆ ಬಂದಿತ್ತು. ಅವರು ಕಟ್ಟೆಯಲ್ಲಿ ಕುಳಿತು ಬಾಗಿಲೊಳಗೆ ಕೇಳುವಂತೆ ಪೇಪರ್ ಓದುತ್ತಿದ್ದರು. ಅವ್ವ ಬಾಗಿಲ ಹತ್ತಿರ ಹತ್ತಿರ ಸರಿದು ಕುಳಿತುಕೊಳ್ಳತೊಡಗಿದಳು. "ಚಿಗರಿ ಒಂದ ಬರಕೊಡ್ರಿ," ಎಂದು ಜಿಂಕೆ ಚೀಲದ ಆಸೆಗೆ ನಾನು ಎಷ್ಟು ಸಲ ಕೇಳಿದೆನೋ. "ಚಿಗರಿ ಕಣ್ಣ ಸುಮ್ಮನ ಬರೂದಿಲ್ರಿ, ನೋಡಿ ಬರೀಬೇಕು," ಎನ್ನುವರು, ನನ್ನನ್ನೇ ನೋಡುತ್ತ. ನಾನು ಮಷಿನ್ ಜೋರಾಗಿ ತಿರುಗಿಸುವೆ.

ದೀಪಾವಳಿಯಾದ ಮೇಲೆ ಒಂದು ರವಿವಾರ ದನಿ ತಗ್ಗಿಸಿ ಅಂದರು, "ರತ್ನವ್ವಾರ, ನೀವು ಹೂಂ ಅಂದ್ರ ಮುಂದಿನ ವಾರ ಅವ್ವಾರ ಮುಂದ ಲಗ್ನದ ಮಾತ ತಗೀತೇನಿ."

ಹೂಂ ಅಂದೆ. ಬಹಳ ಸಣ್ಣ ಹೂಂ. ಆದರೂ ಅವರಿಗೆ ಕೇಳಿಸಿತು.

"ಅವ್ವಾರು ಬೈದ್ರೂ ನಡೀತೈತಿ, ಹೊರಗ ಹಾಕಿದ್ರೂ ನಡೀತೈತಿ. ಅದೇನ ನನಗ ಹೊಸಾದಲ್ಲ." ಗೂಡಿನ ಕಡೆ ನೋಡಿದರು. "ಆ ಕಪ್ಪ ಮಾತ್ರ ಇನ್ನೊಮ್ಮೆ ನಿಮ್ಮ ಕೈಯಾಗ ನೋಡಬಾರದು ಅಂತ ಆಶಾ ಐತಿ."

"ಇವತ್ತ ಒಡದ ಹಾಕ್ತೇನಿ."

ಒಡೆಯಲಿಲ್ಲ. ಕಾರಣ ಹೇಳಿದರೆ ನಗುತ್ತೀರಿ. ಹಿಡಿ ಒಂದು ಬಿಟ್ಟರೆ ಕಪ್ಪು ಗಟ್ಟಿಯಾಗಿತ್ತು. ಆನೆ, ಮೊಲಗಳ ಕಣ್ಣಿಗೆ ಹಚ್ಚುವ ಗುಂಡಿ ಹಾಕಿಡಲು ಬಂದೀತು ಎಂದುಕೊಂಡೆ. ಬಟ್ಟೆಯ ಚಿಂದಿಯನ್ನೂ ಎಸೆಯದ ಕೈ ನನ್ನದು. ನಾಳೆ ಒಳಗೆ ತಂದರಾಯಿತೆಂದು ಗೂಡಿನಲ್ಲೇ ಬಿಟ್ಟೆ.

ಶನಿವಾರ ಅವ್ವನಿಗೆ ಎಲ್ಲ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಲಿಲ್ಲ. ಹೌದು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಅವ್ವ ಏನು ಮಾಡುತ್ತಾಳೋ ಎಂಬ ಒಂದೇ ಭಯ ನನಗೆ. ನನ್ನ ಬಗ್ಗೆ ನನಗೆ ಭಯವೇ ಇರಲಿಲ್ಲ.

ಮರುದಿನ ಮಾಸ್ತರು ಕಟ್ಟೆಗೆ ಬಂದ ಕೂಡಲೇ ಅವ್ವನೇ ಕರೆದಳು.

"ಒಳಗ ಬರ್ರಿ ಮಾಸ್ತರ. ಎಷ್ಟ ದಿನಾ ಅಂತ ಕಟ್ಟಿ ಮ್ಯಾಲ ಕುಂದರ್ತೀರಿ?"

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಅವರು ಹೊಸ್ತಿಲಲ್ಲಿ ನಿಂತು ನನ್ನನ್ನೊಮ್ಮೆ ನೋಡಿ ಒಳಗೆ ಕಾಲಿಟ್ಟರು. ನನ್ನ ಎದೆ ಎಷ್ಟು ಹಗುರಾಯಿತೆಂದರೆ ನೆಲ ಎಲ್ಲಿದೆ ಎಂಬುದೇ ತಿಳಿಯಲಿಲ್ಲ. ಅಡುಗೆಮನೆಗೆ ಓಡಿದೆ. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದೆ. ಪಡಸಾಲೆ ದಾಟಿ ಹೊರಗೆ ಹೋದೆ, ಬಂದೆ, ಮೂರು ಕಪ್ಪಿಗೆ ಚಹಾ ಸೋಸಿದೆ, ತಂದಿಟ್ಟೆ.

ಅವರು ತಮ್ಮ ಮುಂದಿನ ಕಪ್ಪನ್ನು ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಮುಖ ನೋಡಲಿಲ್ಲ.

ನಿಧಾನವಾಗಿ ಪೂರ್ತಿ ಕುಡಿದರು. "ಚಹಾ ಛಲೋ ಆಗೇತ್ರಿ," ಎಂದರು. "ಅವ್ವಾರ, ನಾ ಬ್ಯಾರೆ ಊರಿಗೆ ಬದಲಿ ಕೇಳಬೇಕಂತ ಮಾಡೇನ್ರಿ. ಅದನ್ನ ಹೇಳಿ ಹೋಗೂಣಂತ ಬಂದೆ."

ಏನು ಮಾತಿದು ಎಂದು ನಾನು ಬೆಪ್ಪಾಗಿ ನಿಂತೆ. ಅವರು ಎದ್ದು ಹೊರಗೆ ಹೋದರು. ಕಪ್ಪು ತೊಳೆದ ಸದ್ದು, ಗೂಡಿನಲ್ಲಿಟ್ಟ ಸದ್ದು ಕೇಳಿಸಿತು.

"ರತ್ನಾ," ಎಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಒಲಿ ಮಗ್ಗಲಕ ಹೊಸಾ ಕಪ್ಪು ಬಸಿ ಮೂರ ಜೋಡಿ ಇಟ್ಟಿದ್ದೆನಲ್ಲ. ಮೂರನೇದು ಯಾರಿಗೆ ಅಂತ ಮಾಡಿದ್ದಿ?"

ಒಳಗೆ ನೋಡಿದೆ. ಮೂರನೆಯದು ಬೋರಲಾಗಿ ಹಾಗೇ ಇತ್ತು. ಮಾಸ್ತರ ಮುಂದೆ ನಾನು ಇಟ್ಟದ್ದು ಗೂಡಿನ ಕಪ್ಪು.

ಓಣಿಯ ತಿರುವಿನ ತನಕ ಓಡಿದೆ. ಜನ ನೋಡಿದರು, ನೋಡಲಿ.

"ಮಾಸ್ತರ, ಮರತ ಹೋತ್ರಿ. ಖರೇನ ಹೇಳ್ತೇನಿ, ಕೈ ತನ್ನಷ್ಟಕ್ಕ ತಾನ ಹೋತು."

"ಗೊತ್ತೈತ್ರಿ." ಬಹಳ ಮೃದುವಾಗಿ ಹೇಳಿದರು. "ಬೇಕಂತ ಮಾಡಿದ್ರ ಜಗಳಾ ತಗೀತಿದ್ದೆ. ಗೆದ್ದರೂ ಗೆಲ್ತಿದ್ದೆ. ತನ್ನಷ್ಟಕ್ಕ ಹೋದ ಕೈ ಸಂಗಾಟ ಹೆಂಗ ಜಗಳಾಡ್ಲಿ? ನಮ್ಮವ್ವ ಇಲ್ಲಿ ಬಂದ ನೀರ ಕೇಳಿದ್ರ ನೀವು ದಿನಾ ನೆನಪ ಮಾಡಿಕೋಬೇಕಾಗ್ತೈತಿ. ಆಕಿ ಮಾರಿ ನೋಡಾಕ ನನಗ ಆಗೂದಿಲ್ರಿ."

"ಕಲೀತೇನಿ."

"ಕಲೀತೀರಿ. ಕಲಿಯೂತನಕ ಆಕಿ ಆ ಕಪ್ಪಿನಾಗ ಕುಡೀಬೇಕಲ್ರಿ."

ಅಷ್ಟು ಹೇಳಿ ಅವರು ನಡೆದುಹೋದರು.

ಎರಡು ತಿಂಗಳಿಗೆ, ಮಾಸ್ತರಿಗೆ ಬದಲಿಯಾಗಿದ್ದ ನವಲಗುಂದದಿಂದ ಒಂದು ದೊಡ್ಡ ಲಕೋಟೆ ಬಂತು. ಪತ್ರವಿರಲಿಲ್ಲ. ಚಿಗರಿಯ ಚಿತ್ರವಿತ್ತು, ಹೊರಟು ನಿಂತು ಒಮ್ಮೆ ತಿರುಗಿ ನೋಡುವ ಚಿಗರಿ. ಗೆರೆಯ ಸುತ್ತ ಚುಕ್ಕೆ ಚುಕ್ಕೆಯಾಗಿ ಇನ್ನೊಂದು ಗೆರೆ. ಅಳೆದು ನೋಡಿದೆ. ಸರಿಯಾಗಿ ಅರ್ಧ ಇಂಚು.

ಆ ಚಿಗರಿ ಚೀಲ ಹಿಡಿದುಕೊಂಡು ಹುಬ್ಬಳ್ಳಿಯ ಎಷ್ಟೋ ಮಕ್ಕಳು ಶಾಲೆಗೆ ಹೋದರು. "ಆನಿಗಿಂತ ಇದು ಛಲೋ ಮಾರತೈತಿ ರತ್ನವ್ವಾ," ಎಂದು ಗೌಸಸಾಬರು ಹಿಗ್ಗುತ್ತಿದ್ದರು. ಕಣ್ಣು ಹಚ್ಚಿದ ಕೂಡಲೇ ಮಾತ್ರ ನಾನು ಅದರ ಮುಖವನ್ನು ಆಚೆ ತಿರುಗಿಸಿಡುತ್ತಿದ್ದೆ.

ಲಕೋಟೆ ಬಂದ ದಿನ ಗೂಡಿನ ಕಪ್ಪನ್ನು ಒಳಗೆ ತಂದು ನನ್ನ ಚಹಾ ಸೋಸಿಕೊಂಡೆ. ಅವ್ವ ನೋಡಿದಳು.

"ಒಡದ ಹಾಕವಾ ಅದನ್ನ. ಈಗ ನೀ ಕುಡದ್ರ ಏನ ಬಂತು?"

"ಇರ್ಲಿ ಬಿಡವ್ವ. ನನಗೂ ಒಂದ ಕಪ್ಪ ಬೇಕಲ್ಲ."

ಹಿಡಿ ಇಲ್ಲದ ಕಪ್ಪು. ಬಿಸಿ ಚಹಾ ಹಾಕಿದರೆ ಹಿಡಿಯಲಾಗುವುದಿಲ್ಲ, ಬೆರಳು ಸುಡುತ್ತವೆ. ಸೆರಗು ಸುತ್ತಿ ಹಿಡಿಯಬೇಕು. ಒಂದು ವರ್ಷ, ರವಿವಾರದ ಮೇಲೆ ರವಿವಾರ, ಅವರು ಬರಿಗೈಯಲ್ಲಿ ಹಿಡಿದು ನಗುತ್ತ ಕುಡಿದಿದ್ದರು. ಸುಡುತ್ತದೆಯೇ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.