ಕಾಣೆಯಾದ ಇಪ್ಪತ್ತೊಂದನೆಯ ಹಾಳೆ

"ಹಾಳೆಗೆ ಕಾಲು ಬಂತೇನ್ರೀ? ಇಪ್ಪತ್ತಿದೆ, ಇಪ್ಪತ್ತೆರಡಿದೆ. ನಡುವಿನದನ್ನ ಅಂಟಿನ ಜೊತೆ ಕಲಸಿ ಹಚ್ಚಿಬಿಟ್ರಾ?"

"ನಾಲಿಗೆ ಹಿಡಿದು ಮಾತಾಡಮ್ಮ. ಮೂವತ್ತು ವರ್ಷದಿಂದ ಪುಸ್ತಕ ಹೊಲೀತಿದ್ದೀನಿ. ಒಂದು ಹಾಳೆ ಕಳೆದಿಲ್ಲ."

"ಈಗ ಕಳೀತಲ್ಲ. ಇನ್ನೇನು ಬೇಕು?"

ಬೈಂಡರ್‌ಗೆ ಕೋಪ ಮೂಗಿನ ತುದಿಯಲ್ಲೇ. ಕುಂಚವನ್ನು ಅಂಟಿನ ಡಬ್ಬಿಗೆ ಎಸೆದ. ಎದುರಿಗಿದ್ದ ದರ್ಜಿ ಹೆಂಗಸು, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿ ಬಂದವಳು, ಜಗಳದಲ್ಲಿ ಅವನಿಗಿಂತ ಒಂದು ಕೈ ಮೇಲು. ನಾಲ್ಕು ವರ್ಷ ಕಚೇರಿ ಕಚೇರಿ ಅಲೆದು, ಹಳೆಯ ದಾಖಲೆ ಕೆದಕಿ, ಅವಳು ತನ್ನ ವಂಶದ ಕತೆ ಬರೆದಿದ್ದಳು. ಅಪ್ಪನಿಗೆ ಎಂಬತ್ತು ತುಂಬುವ ಭಾನುವಾರ ಮನೆಮಂದಿಯ ಮುಂದೆ ಅದನ್ನು ಓದಬೇಕಿತ್ತು. ಅಂದು ಶುಕ್ರವಾರ.

"ಇಬ್ಬರೂ ಸ್ವಲ್ಪ ಉಸಿರು ತಗೊಳ್ಳಿ," ಎನ್ನುತ್ತಾ ಮೆಟ್ಟಿಲಿಳಿದು ಬಂದವರು ಕಾಗುಣಿತದಕ್ಕ.

ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಈ ಹಿರಿಯ ಹೆಂಗಸು ನಲವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ತಪ್ಪು ತಿದ್ದಿದವರು. ತಪ್ಪು ಕಂಡರೆ ಅಂಗಡಿಯ ಬೋರ್ಡನ್ನೂ ಬಿಡದೆ ಸೀಮೆಸುಣ್ಣದಲ್ಲಿ ತಿದ್ದಿ ಬರುವವರು. ಬೀದಿಯಲ್ಲಿ ಏನೇ ಕಳೆದರೂ ಜನ ಅವರ ಬಳಿಗೇ ಬರುತ್ತಿದ್ದರು. ಬೈಂಡರ್ ಪ್ರತಿಸಲವೂ ಗೊಣಗುತ್ತಾ ಅವರ ಹಿಂದೆ ಹೋಗುತ್ತಿದ್ದ. ಒಂದು ಸಲವೂ ತಪ್ಪಿಸಿರಲಿಲ್ಲ.

"ಆ ಹಾಳೆಯಲ್ಲಿ ಏನಿತ್ತಮ್ಮ?"

ದರ್ಜಿಯ ದನಿ ಇಳಿಯಿತು. "ಶಾಲೆಯ ಹಳೇ ದಾಖಲಾತಿ ಪುಸ್ತಕದಲ್ಲಿ ನಮ್ಮಜ್ಜನ ಹೆಸರಿನ ಕೆಳಗೆ ಮೂರು ಮಕ್ಕಳಿದ್ವು ಅಕ್ಕ. ನಮಗೆ ಗೊತ್ತಿದ್ದಿದ್ದು ಇಬ್ಬರೇ, ಅಪ್ಪ ಮತ್ತೆ ಅತ್ತೆ. ಮೊದಲನೇದು ಒಂದು ಹೆಣ್ಣು. ಹದಿನೆಂಟಕ್ಕೆ ಮನೆ ಬಿಟ್ಟು ನರ್ಸ್ ಕೆಲಸ ಕಲಿಯೋಕೆ ಹೋದಳಂತೆ. ಅಜ್ಜ ಮನೇಲಿ ಅವಳ ಹೆಸರೇ ಅಳಿಸಿಬಿಟ್ಟ. ಆಸ್ಪತ್ರೆಯ ಸಿಬ್ಬಂದಿ ಪಟ್ಟಿ ಹಿಡಿದು ಹುಡುಕಿದೆ. ಬದುಕಿದ್ದಾಳೆ. ಎಂಬತ್ತಾರು. ಬಸ್ಸಲ್ಲಿ ಮೂರು ಗಂಟೆ ದಾರಿ. ಕಾಗದ ಬರೆದಿದ್ದಕ್ಕೆ ತನ್ನ ಹಳೇ ಫೋಟೋ ಕಳಿಸಿದಳು. ಅದೊಂದೇ ಫೋಟೋ. ಆ ಹಾಳೆಗೆ ಅಂಟಿಸಿದ್ದೆ. ಅದನ್ನ ಅಪ್ಪ ನೋಡಬೇಕಿತ್ತು."

"ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ, ಅಪ್ಪನಿಗೂ ಇಲ್ಲ. ಅವಳು ಹೋದಾಗ ಅತ್ತೆ ಎರಡು ವರ್ಷದ ಮಗು, ಅವಳಿಗೂ ನೆನಪಿಲ್ಲ. ಒಂದು ಹೊಸ ಸುದ್ದಿ ಇದೆ ಅಂತ ಮಾತ್ರ ಜಂಬ ಕೊಚ್ಚಿಕೊಂಡಿದ್ದೆ."

ಹಿಂದಿನ ದಿನ ಹಾಳೆಗಳು ಹೊಲಿಗೆಗೆ ಕಾಯುತ್ತಾ ಮೇಜಿನ ಮೇಲಿದ್ದವು. ಯಾರು ಬಂದಿದ್ದರೆಂದು ಬೈಂಡರ್ ನೆನಪಿಸಿಕೊಂಡ. ದರ್ಜಿಯ ಅಣ್ಣ ಬಂದಿದ್ದ, ಗಡಿಯಾರ ರಿಪೇರಿಯವನು. ತಮ್ಮ ಬಂದಿದ್ದ, ಗ್ಯಾರೇಜಿನವನು. ಒಬ್ಬೊಬ್ಬರು ಬಂದಾಗಲೂ ಬೈಂಡರ್ ಅಂಟು ಕುದಿಸಲು ಒಳಗೆ ಹೋಗಿದ್ದುಂಟು. "ತಮ್ಮನ ಹೆಂಡತಿ ಮಾತ್ರ ಬಾಗಿಲಲ್ಲೇ ನಿಂತು ಅರ್ಧ ಗಂಟೆ ನನ್ನ ತಲೆ ತಿಂದಳು. ಮೇಜಿನ ಹತ್ತಿರ ಬರಲೇ ಇಲ್ಲ."

ಅಕ್ಕ ಇಪ್ಪತ್ತನೆಯ ಹಾಳೆಯನ್ನೂ ಇಪ್ಪತ್ತೆರಡನೆಯದನ್ನೂ ಕಿಟಕಿಯ ಬೆಳಕಿಗೆ ಹಿಡಿದರು. "ಒಗೆದ ಬಟ್ಟೆಯಷ್ಟು ಸ್ವಚ್ಛವಾಗಿವೆ," ಎಂದಷ್ಟೇ ಹೇಳಿದರು.

ಗ್ಯಾರೇಜಿಗೆ ಹೋದರು. ವ್ಯಾನಿನ ಅಡಿಯಿಂದ ತಮ್ಮ ತೆವಳಿ ಬಂದ. ಅಕ್ಕ ಹಾಳೆಯ ಮಾತೇ ಎತ್ತಲಿಲ್ಲ. "ಭಾನುವಾರ ಯಾರು ಎಲ್ಲಿ ಕೂರ್ತೀರಪ್ಪ?" ಎಂದರು.

"ಅಪ್ಪ ಮುಂದೆ, ಪಕ್ಕದಲ್ಲಿ ಅತ್ತೆ. ನಾನು ಅಡುಗೆಮನೆ ಬಾಗಿಲಲ್ಲಿ. ಊಟ ಮೊದಲು ಸಿಗುತ್ತಲ್ಲ." ಅವನು ಕೈಯೂರಿದ ಬಾಗಿಲ ಮೇಲೆ ಐದು ಬೆರಳೂ ಕಪ್ಪಗೆ ಮೂಡಿದವು.

"ಕಳ್ಳನ್ನ ಹುಡುಕೋಕೆ ಬಂದ್ವೋ, ಕುರ್ಚಿ ಹಾಕೋಕೆ ಬಂದ್ವೋ?" ದಾರಿಯಲ್ಲಿ ಬೈಂಡರ್ ಸಿಡುಕಿದ. "ಕುಂಬಳಕಾಯಿ ಕಳ್ಳ ಅಂತ ಕೂಗಿ, ಯಾರು ಹೆಗಲು ಮುಟ್ಟಿ ನೋಡಿಕೊಳ್ತಾರೋ ನೋಡಬಾರದಾ?"

"ಕದ್ದವನು ಹೆಗಲು ಮುಟ್ಟಿಕೊಳ್ಳುವಷ್ಟು ದಡ್ಡ ಅಲ್ಲಪ್ಪ."

ಗಡಿಯಾರದಂಗಡಿಯಲ್ಲಿ ಅಣ್ಣ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂತಿದ್ದ. ಅದೇ ಪ್ರಶ್ನೆಗೆ ತಲೆಯೆತ್ತದೆ ಹೇಳಿದ: "ಅಪ್ಪ ನಡುವೆ. ಬಲಗಡೆ ಚಿಕ್ಕತ್ತೆ, ಅವಳಿಗೆ ಎಡಗಿವಿ ಮಾತ್ರ ಕೇಳೋದು. ಓದೋದು ಬೇಗ ಮುಗಿಸೋಕೆ ಹೇಳಿ. ಅಪ್ಪನ ಎದೆ ಮೊದಲಿನ ಹಾಗಿಲ್ಲ."

ಅಕ್ಕ ತಮ್ಮ ಕೈಗಡಿಯಾರಕ್ಕೆ ಕೀ ಕೊಡಿಸಿಕೊಂಡು ಬಂದರು.

ಶನಿವಾರ ಮಧ್ಯಾಹ್ನ ಎಲ್ಲರೂ ಬೈಂಡರ್ ಅಂಗಡಿಯಲ್ಲಿ ಸೇರಿದರು. ಅಕ್ಕ ಹಟ ಹಿಡಿದು ಅಪ್ಪನನ್ನೂ ಅತ್ತೆಯನ್ನೂ ಕರೆಸಿದ್ದರು. ಅಪ್ಪನಿಗೆ ಹಾಕಿದ್ದು ಅಂಗಡಿಯ ಒಂದೇ ಗಟ್ಟಿ ಕುರ್ಚಿ.

"ಗ್ಯಾರೇಜಿನವನು ಮುಟ್ಟಿದ್ದರೆ ಅಕ್ಕಪಕ್ಕದ ಹಾಳೆಗೆ ಮಸಿ ಹತ್ತಬೇಕಿತ್ತು. ಅವನ ಹೆಂಡತಿ ಹೊಸ್ತಿಲೇ ದಾಟಲಿಲ್ಲ," ಎಂದು ಅಕ್ಕ ಶುರುಮಾಡಿದರು. "ಆದರೆ ಇದಿಷ್ಟರಿಂದ ಯಾರನ್ನೂ ಕಳ್ಳ ಅನ್ನೋಕಾಗಲ್ಲ. ಅದಕ್ಕೆ ಕುರ್ಚಿ ವಿಷಯ ಕೇಳಿದೆ. ತಮ್ಮ 'ಅತ್ತೆ' ಅಂದ. ಎಲ್ಲಾ ಗೊತ್ತಿದ್ದ ದರ್ಜಿಯಮ್ಮನೂ ನಿನ್ನೆ ಮನೆಯ ರೂಢಿಯಂತೆ 'ಅತ್ತೆ' ಅಂದಳು. ಗಡಿಯಾರದವನೇ, ನೀನು ಏನಂದೆ?"

"ಚಿಕ್ಕತ್ತೆ ಅಂದ," ಬೈಂಡರ್ ಬಾಯಿ ಹಾಕಿದ. ತಾನೇ ಹೇಳಿದ್ದು ಆಮೇಲೆ ಅವನಿಗೆ ಅರ್ಥವಾಯಿತು.

"ಒಬ್ಬಳೇ ಅತ್ತೆ ಇರೋರು 'ಅತ್ತೆ' ಅಂತಾರೆ, ಮುಗೀತು. ದೊಡ್ಡವಳೊಬ್ಬಳು ಮನಸ್ಸಿಗೆ ಬಂದು ಕೂತ ಮೇಲೇ ಇರೋಳು ಚಿಕ್ಕವಳಾಗೋದು. ಆ ದೊಡ್ಡವಳು ಇದ್ದಿದ್ದು ಇಪ್ಪತ್ತೊಂದನೇ ಹಾಳೆಯಲ್ಲಿ ಮಾತ್ರ."

"ಅಪ್ಪನಿಗಿಂತ ಚಿಕ್ಕವಳು ಅಂತ ಅಂದೆ," ಎಂದ ಅಣ್ಣ.

"ಐವತ್ತು ವರ್ಷದಲ್ಲಿ ಒಂದ್ಸಲವೂ ಅನ್ನದವನು ನಿನ್ನೆ ಅಂದ್ಯಾ?" ತಮ್ಮ ಕೇಳಿದ.

ಅಣ್ಣ ಅಂಗಿಯೊಳಗಿನಿಂದ, ಮುದುಡದ ಹಾಗೆ ರಟ್ಟಿನ ನಡುವೆ ಇಟ್ಟಿದ್ದ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟ. "ಅಪ್ಪ ಅರವತ್ತೆಂಟು ವರ್ಷ ಬಾಯಿ ಬಿಟ್ಟಿಲ್ಲ ಅಂದ್ರೆ ಮರೆಯೋಕೆ ಅಂತಲೇ ತಾನೆ? ಅಷ್ಟು ಜನರ ಮುಂದೆ ಎದೆ ಹಿಡ್ಕೊಂಡು ಬಿದ್ದರೆ ಇವಳು ಎತ್ತುತ್ತಾಳಾ?"

"ನಾಲ್ಕು ವರ್ಷದ ಕೆಲಸ ಕದ್ದು ಬುದ್ಧಿ ಬೇರೆ ಹೇಳ್ತೀಯಲ್ಲೋ," ದರ್ಜಿ ಎದ್ದಳು.

"ಕೂತ್ಕೊ," ಎಂದರು ಅಕ್ಕ. "ಅವನು ಎರಡು ದಿನ ಬಚ್ಚಿಟ್ಟ. ನೀನು, ಎಂಬತ್ತರ ಮನುಷ್ಯನ ಅಕ್ಕನ್ನ, ಎಲ್ಲರೂ ಬೆರಗಾಗಲಿ ಅಂತ ಎಷ್ಟು ದಿನ ಬಚ್ಚಿಟ್ಟೆ?"

ದರ್ಜಿ ಕೂತಳು.

ಅಪ್ಪ ಹಾಳೆಯನ್ನು ಮೂಗಿನ ಹತ್ತಿರ ಹಿಡಿದಿದ್ದರು. ಬಿಳಿ ಸಮವಸ್ತ್ರದ ಹುಡುಗಿ, ಗದ್ದದ ಮೇಲೆ ಅವರದೇ ಕುಳಿ. "ಅವಳ ಹೆಸರೆತ್ತಿದರೆ ಮನೆಯಿಂದ ಆಚೆ ಅಂದಿದ್ದರು ನಮ್ಮಪ್ಪ," ಎಂದರು. "ಆಮೇಲೆ ಜ್ವರದಲ್ಲಿ ಸತ್ತಳು ಅಂದರು. ನಾನು ನಂಬಿದೆ." ಹಾಳೆಯ ಕೆಳಗಿದ್ದ ವಿಳಾಸವನ್ನು ಬೆರಳಿಟ್ಟು ಎರಡು ಸಲ ಓದಿದರು. ಕುರ್ಚಿಯಿಂದ ಎದ್ದರು. ಎದ್ದ ರೀತಿ ನೋಡಿ ಹಿರಿಮಗನೇ ಪಕ್ಕಕ್ಕೆ ಸರಿದ.

"ಅಪ್ಪ, ಎಲ್ಲಿಗೆ?"

"ಬಸ್‌ಸ್ಟ್ಯಾಂಡಿಗೆ."

"ನಾಳೆ ನಿಮ್ಮದೇ ಊಟ ಅಪ್ಪ. ಮೂವತ್ತು ಜನ ಬರ್ತಾರೆ."

"ಬಡಿಸಿ," ಎಂದು ಹಾಳೆಯನ್ನೂ ತೆಗೆದುಕೊಂಡು ಹೊರಟರು. ವ್ಯಾನ್ ತರಲು ತಮ್ಮ ಓಡಿದ. ಮಕ್ಕಳು ಇನ್ನೂ ವಾದಿಸುತ್ತಿದ್ದಾಗಲೇ ಅತ್ತೆ ಹೋಗಿ ಅದರ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಭಾನುವಾರ ಮೂವತ್ತು ಜನ ಉಂಡರು. ದರ್ಜಿ ಇಪ್ಪತ್ತೊಂದನೆಯ ಹಾಳೆಯನ್ನು ಬಾಯಿಪಾಠದಿಂದ ಹೇಳಿದಳು. ಹೇಳುವಾಗ ನಡುವೆ ಮರೆತದ್ದನ್ನು ಎತ್ತಿಕೊಟ್ಟವನು ಅಣ್ಣ. ಕದ್ದು ಓದಿದ್ದು ಅಷ್ಟು ಚೆನ್ನಾಗಿ ನೆನಪಿತ್ತು. ಬೈಂಡರ್ ಎರಡು ಸಲ ಬಡಿಸಿಕೊಂಡ.

ಮಂಗಳವಾರ ಅತ್ತೆಯನ್ನು ಕರೆದುಕೊಂಡು ತಮ್ಮ ಬಂದ. ಅಪ್ಪ ಬರಲಿಲ್ಲ. ನಾಲ್ಕು ಅಂಗಿ, ಓದುವ ಕನ್ನಡಕ, ಹಲ್ಲಿನ ಸೆಟ್ಟು ಕಳಿಸಬೇಕಂತೆ.

"ಯಾವಾಗ ಬರ್ತಾರಂತೆ?" ದರ್ಜಿ ಕೇಳಿದಳು.

"ಕೇಳ್ದೆ. ನಮ್ಮಕ್ಕನ್ನ ಕೇಳು ಅಂದ್ರು. ಅವರನ್ನ ಕೇಳಿದ್ರೆ, ಹುಡುಗ ಈಗ ತಾನೆ ಬಂದಿದ್ದಾನೆ, ಇರಲಿ ಬಿಡು ಅಂದ್ರು."